ಪಟೇಲರು ತೆರೆದ ಎರಡು ಬಾಗಿಲುಗಳು

ನಾನು ಹುಟ್ಟಿದ್ದು ನ್ಯಾಮತಿಗೆ ಸಮೀಪದ ಒಂದು ಸಣ್ಣ ಹಳ್ಳಿಯಲ್ಲಿ. ಆ ಹಳ್ಳಿ ಇದ್ದ ಸ್ಥಳದಿಂದ ಒಂದಂಗುಲವೂ ಕದಲಿಲ್ಲ. ಆದರೂ ನನ್ನ ನಲವತ್ತು ಚಿಲ್ಲರೆ ವರ್ಷಗಳ ಆಯುಷ್ಯದಲ್ಲಿ ಅದಕ್ಕೆ ಮೂರು ವಿಳಾಸಗಳಾದವು. ನನ್ನ ಪ್ರಾಥಮಿಕ ಶಾಲೆಯ ದಾಖಲೆಯಲ್ಲಿ ಅದು ‘ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ’. ಕನ್ನಡ ಎಂ.ಎ. ಮುಗಿಸಿ ಉಪನ್ಯಾಸಕನ ಕೆಲಸಕ್ಕೆ ಅರ್ಜಿ ಬರೆದಾಗ ಅದೇ ಹಳ್ಳಿ ‘ಹೊನ್ನಾಳಿ ತಾಲ್ಲೂಕು, ದಾವಣಗೆರೆ ಜಿಲ್ಲೆ’. ಈಗ ನನ್ನ ತಮ್ಮನ ಮಕ್ಕಳು ತಮ್ಮ ಪುಸ್ತಕಗಳ ಮೇಲೆ ಬರೆದುಕೊಳ್ಳುವುದು ‘ನ್ಯಾಮತಿ ತಾಲ್ಲೂಕು, ದಾವಣಗೆರೆ ಜಿಲ್ಲೆ’ ಎಂದು. ಈ ಮೂರು ವಿಳಾಸಗಳಲ್ಲಿ ಮೊದಲನೆಯದನ್ನು ಅಳಿಸಿ ಎರಡನೆಯದನ್ನು ಬರೆದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜಯದೇವಪ್ಪ ಹಾಲಪ್ಪ ಪಟೇಲರು. ನಾಡಿಗೆಲ್ಲ ಅವರು ಜೆ. ಎಚ್. ಪಟೇಲರು.

ಅವರ ವಿಷಯ ಬರೆಯಬೇಕೆಂಬ ಆಸೆ ನನಗೆ ಬಹುಕಾಲದಿಂದ ಇತ್ತು. ಆದರೆ ಬರೆಯಲು ಧೈರ್ಯ ಸಾಲದು. ಅವರನ್ನು ಮುಖತಃ ಕಂಡವನು ನಾನಲ್ಲ. ಅವರ ಹಾಸ್ಯೋಕ್ತಿಗಳು ನಮ್ಮ ಸೀಮೆಯ ಚಹದಂಗಡಿಗಳಲ್ಲಿ ಇಂದಿಗೂ ಓಡಾಡುತ್ತಿವೆ. ಅವುಗಳಲ್ಲಿ ಯಾವುದು ಅವರದು, ಯಾವುದು ಅವರ ಹೆಸರಿನಲ್ಲಿ ಹುಟ್ಟಿದ್ದು ಎಂದು ಬಿಡಿಸುವುದು ಕಷ್ಟ. ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯೊಂದು ಕೊನೆಗೂ ನನ್ನ ಕೈಗೆ ಲೇಖನಿಯನ್ನು ಕೊಟ್ಟಿತು. ಆ ಪ್ರಶ್ನೆಯನ್ನು ಮುಂದೆ ಹೇಳುತ್ತೇನೆ. ಮೊದಲು ಆ ವ್ಯಕ್ತಿಯನ್ನೂ ಅವರ ನೆಲವನ್ನೂ ವಾಚಕರಿಗೆ ಪರಿಚಯಿಸಬೇಕು.

ಪಟೇಲರು ಜನಿಸಿದ್ದು 1930ರ ಅಕ್ಟೋಬರ್ 1ರಂದು. ಚನ್ನಗಿರಿ ಆಗ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿದ ತಾಲ್ಲೂಕು. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಸಂಧಿಯ ನೆಲ ಅದು. ಒಂದು ಕಡೆ ಅಡಿಕೆಯ ತೋಟ, ಇನ್ನೊಂದು ಕಡೆ ಜೋಳದ ಹೊಲ. ನಡುವೆ ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆ. ಸಂತೇಬೆನ್ನೂರಿನ ಪುಷ್ಕರಿಣಿಯ ಮಂಟಪ ನೀರಿನ ಮೇಲೆ ತನ್ನ ನೆರಳನ್ನು ತಾನೇ ನೋಡಿಕೊಳ್ಳುತ್ತ ನಿಂತಿರುವುದೂ ಇದೇ ತಾಲ್ಲೂಕಿನಲ್ಲಿ. ಇಂಥ ಎರಡು ಸೀಮೆಗಳ ನಡುವೆ ಬೆಳೆದವರ ಮಾತಿನಲ್ಲಿ ಮಲೆನಾಡಿನ ನಿಧಾನವೂ ಬಯಲಿನ ನೇರವೂ ಕೂಡಿಕೊಂಡಿರುತ್ತವೆ. ಪಟೇಲರ ಮಾತಿನ ಬಗೆಯನ್ನು ಕೇಳಿದವರು ಇದನ್ನು ಒಪ್ಪುತ್ತಾರೆ.

ಅವರು ತಾರುಣ್ಯಕ್ಕೆ ಬಂದಾಗ ಶಿವಮೊಗ್ಗ ಜಿಲ್ಲೆಯ ರಾಜಕೀಯದ ಗಾಳಿಯೇ ಬೇರೆಯಾಗಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲಿಕರ ವಿರುದ್ಧ ಸತ್ಯಾಗ್ರಹಕ್ಕಿಳಿದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧಿತರಾದರು. ಶಾಂತವೇರಿ ಗೋಪಾಲಗೌಡರು ಆ ಚಳವಳಿಯಿಂದ ಮೇಲೆದ್ದು ಬಂದ ನಾಯಕರು. ಊಳುವವನೇ ಹೊಲದೊಡೆಯನಾಗಬೇಕು, ಆಳುವವನು ಆಳಿಸಿಕೊಳ್ಳುವವನ ಭಾಷೆಯಲ್ಲಿ ಮಾತನಾಡಬೇಕು ಎಂಬ ಎರಡು ಮಾತುಗಳು ಆ ಸಮಾಜವಾದಿಗಳಿಗೆ ಒಂದೇ ನಾಣ್ಯದ ಎರಡು ಮುಖಗಳಾಗಿದ್ದವು. ಊರ ಪಟೇಲಿಕೆಯ ಹೆಸರನ್ನು ಹೊತ್ತ ಮನೆಯ ಮಗ ಗೇಣಿದಾರರ ಪರವಾದ ಪಕ್ಷಕ್ಕೆ ಸೇರಿದ್ದು ಸಾಮಾನ್ಯ ಸಂಗತಿಯಲ್ಲ. ಇಂಥ ವಿಚಿತ್ರವನ್ನು ಆ ಕಾಲದ ಶಿವಮೊಗ್ಗ ಅನೇಕ ಮನೆಗಳಲ್ಲಿ ಕಂಡಿತು.

1967ರಲ್ಲಿ ಪಟೇಲರು ಸಂಯುಕ್ತ ಸೋಷಲಿಸ್ಟ್ ಪಕ್ಷದ ಅಭ್ಯರ್ಥಿಯಾಗಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾದರು. ಆಗ ಅವರಿಗೆ ಮೂವತ್ತಾರು ವರ್ಷ. ಆ ಪಕ್ಷದಿಂದ ಆ ಸಲ ಲೋಕಸಭೆಗೆ ಬಂದವರು ಕೇವಲ 23 ಮಂದಿ. ಆದರೆ ಅವರ ಗದ್ದಲ ನೂರು ಮಂದಿಯದು. ಲೋಹಿಯಾ, ಮಧು ಲಿಮಯೆ, ಜಾರ್ಜ್ ಫರ್ನಾಂಡಿಸ್ ಇವರೆಲ್ಲ ಅದೇ ಗುಂಪಿನವರು. ಲೋಹಿಯಾರವರು ಇಂಗ್ಲಿಷನ್ನು ಅಧಿಕಾರದ ಪೀಠದಿಂದ ಇಳಿಸಬೇಕೆಂದು ದೇಶದುದ್ದಕ್ಕೂ ಸಾರುತ್ತಿದ್ದರು. ಉತ್ತರದವರಿಗೆ ಅದು ಸುಲಭ. ಇಂಗ್ಲಿಷನ್ನು ಬಿಟ್ಟರೆ ಕೈಗೆ ಹಿಂದಿ ಇತ್ತು. ದಕ್ಷಿಣದ ಸಮಾಜವಾದಿಯೊಬ್ಬನು ಏನು ಮಾಡಬೇಕು? ಹಿಂದಿಯಲ್ಲಿ ಮಾತನಾಡಿದರೆ ಒಂದು ಪರಭಾಷೆಯನ್ನು ಇಳಿಸಿ ಇನ್ನೊಂದನ್ನು ಹೊತ್ತಂತೆ. ಇಂಗ್ಲಿಷಿನಲ್ಲಿ ಮಾತನಾಡಿದರೆ ತನ್ನ ಮಾತಿಗೆ ತಾನೇ ತಪ್ಪಿದಂತೆ.

ಪಟೇಲರು ಕನ್ನಡದಲ್ಲಿ ಮಾತನಾಡಿದರು. ಲೋಕಸಭೆಯಲ್ಲಿ ಮೊಟ್ಟಮೊದಲು ಕನ್ನಡದಲ್ಲಿ ಭಾಷಣ ಮಾಡಿದ ಸದಸ್ಯರೆಂದು ಅವರ ಹೆಸರು ಉಳಿದಿರುವುದು ಇದರಿಂದ. ಆಗ ಸಭಾಧ್ಯಕ್ಷರಾಗಿದ್ದವರು ನೀಲಂ ಸಂಜೀವರೆಡ್ಡಿಯವರು. ಅನಂತಪುರದ ಕಡೆಯ ಅವರಿಗೆ ಕನ್ನಡದ ಕಿವಿ ಇದ್ದದ್ದು ನಮ್ಮ ಭಾಗ್ಯವೆಂದು ನಾನು ಅಂದುಕೊಂಡಿದ್ದೇನೆ. ಅವರು ಅಪ್ಪಣೆ ಕೊಟ್ಟರು. ಬಾಗಿಲು ತೆರೆಯಿತು.

ಇಲ್ಲಿ ಸಂವಿಧಾನದ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಸಂಸತ್ತಿನ ಕಲಾಪ ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ನಡೆಯತಕ್ಕದ್ದು ಎಂದು 120ನೆಯ ಅನುಚ್ಛೇದ ಹೇಳುತ್ತದೆ. ಆ ಎರಡರಲ್ಲಿ ಯಾವುದರಲ್ಲೂ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅಪ್ಪಣೆ ಕೊಡಬಹುದು. ಎಂದರೆ, ಆ ಅವಕಾಶ ಇದ್ದದ್ದು ಅಸಮರ್ಥನಿಗೆ ತೋರುವ ಕರುಣೆಯ ರೂಪದಲ್ಲಿ. ಪಟೇಲರು ಅಸಮರ್ಥರಾಗಿರಲಿಲ್ಲ, ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಕರುಣೆಯಾಗಿ ಇಟ್ಟಿದ್ದನ್ನು ಅವರು ಹಕ್ಕಾಗಿ ಎತ್ತಿಕೊಂಡರು. ನನ್ನ ಪಾಲಿಗೆ ಅವರ ಜೀವನದ ಅತ್ಯಂತ ದೊಡ್ಡ ಕೆಲಸ ಇದೇ. ಇಂದು ಲೋಕಸಭೆಯಲ್ಲಿ ಕನ್ನಡದ ಮಾತನ್ನು ಏಕಕಾಲದಲ್ಲಿ ಭಾಷಾಂತರಿಸುವ ಏರ್ಪಾಡುಂಟು; ಸದಸ್ಯರು ಕಿವಿಗೆ ಯಂತ್ರವಿಟ್ಟುಕೊಂಡು ಕೇಳುತ್ತಾರೆ. ಅದಕ್ಕೆ ಆಶ್ಚರ್ಯಪಡುವವರು ಯಾರೂ ಇಲ್ಲ. ಆಶ್ಚರ್ಯವಾಗದಂತೆ ಮಾಡಿದ್ದೇ ಮೊದಲು ಮಾತನಾಡಿದವರ ಗೆಲವು.

ಆಮೇಲಿನ ಅವರ ರಾಜಕೀಯವನ್ನು ಬೇಗ ಹೇಳಿ ಮುಗಿಸಬಹುದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸೆರೆಮನೆ ಕಂಡರು. 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ ಬಂದರು. 1983ರಲ್ಲೂ 1985ರಲ್ಲೂ ಮತ್ತೆ ಗೆದ್ದರು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಸಚಿವರಾದರು. ಅದು ಅಬ್ದುಲ್ ನಜೀರ್ ಸಾಬರು ಜಿಲ್ಲಾ ಪರಿಷತ್ತುಗಳ ಮೂಲಕ ಅಧಿಕಾರವನ್ನು ಹಳ್ಳಿಯ ಕಡೆಗೆ ಇಳಿಸಲು ಹೆಣಗುತ್ತಿದ್ದ ಕಾಲ. 1994ರಲ್ಲಿ ಜನತಾದಳ ಗೆದ್ದಾಗ ಪಟೇಲರು ಉಪಮುಖ್ಯಮಂತ್ರಿಗಳು. ಎಚ್. ಡಿ. ದೇವೇಗೌಡರು ಪ್ರಧಾನಿಯಾಗಿ ದಿಲ್ಲಿಗೆ ಹೋದಾಗ, 1996ರ ಮೇ 31ರಂದು ಮುಖ್ಯಮಂತ್ರಿಗಳಾದರು. 1999ರ ಅಕ್ಟೋಬರದವರೆಗೆ ಆ ಪದವಿಯಲ್ಲಿದ್ದರು.

ಈ ಅವಧಿಯಲ್ಲಿಯೇ ಎರಡನೆಯ ಬಾಗಿಲು ತೆರೆದದ್ದು. 1997ರಲ್ಲಿ ಅವರ ಸರ್ಕಾರ ಏಳು ಹೊಸ ಜಿಲ್ಲೆಗಳನ್ನು ರಚಿಸಿತು: ದಾವಣಗೆರೆ, ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ, ಉಡುಪಿ, ಚಾಮರಾಜನಗರ. ಇಪ್ಪತ್ತಿದ್ದ ಜಿಲ್ಲೆಗಳು ಇಪ್ಪತ್ತೇಳಾದವು. ಜಿಲ್ಲೆಗಳ ಪುನರ್ವಿಂಗಡಣೆಗೆ ಅದಕ್ಕೆ ಹಿಂದೆ ಎರಡು ದಶಕಗಳಲ್ಲಿ ಆಯೋಗ, ಸಮಿತಿಗಳು ಆಗಿಹೋಗಿದ್ದವು. ವರದಿಗಳು ಕಪಾಟು ಸೇರಿದ್ದವು. ಒಂದು ಗೆರೆ ಎಳೆದರೆ ಒಂದು ಊರಿಗೆ ಸಂತೋಷ, ಇನ್ನೊಂದಕ್ಕೆ ಕೋಪ. ಆದ್ದರಿಂದ ಗೆರೆ ಎಳೆಯುವ ಧೈರ್ಯ ಯಾರಿಗೂ ಆಗಿರಲಿಲ್ಲ. ಆಲಸಿಯೆಂದು ಹೆಸರು ಹೊತ್ತಿದ್ದ ಮುಖ್ಯಮಂತ್ರಿಯೊಬ್ಬರು ಅದನ್ನು ಮಾಡಿದರು.

ದಾವಣಗೆರೆ ಜಿಲ್ಲೆ ಹುಟ್ಟಿದ ಬಗೆ ವಿಚಿತ್ರವಾದದ್ದು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು; ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ; ಬಳ್ಳಾರಿಯಿಂದ ಹರಪನಹಳ್ಳಿ. ಮೂರು ಮನೆಗಳ ಮಕ್ಕಳನ್ನು ಕರೆತಂದು ಒಂದು ಹೊಸ ಸಂಸಾರ ಹೂಡಿದಂತೆ. ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿಗೂ ಆಕಾಶದ ಕಡೆಗೆ ನೋಡುವ ಜಗಳೂರಿಗೂ ಏನು ಹೋಲಿಕೆ? ತುಂಗಭದ್ರೆಯ ದಡದ ಹೊನ್ನಾಳಿಯವರು ಭತ್ತದ ಧಾರಣೆಯ ಮಾತಾಡಿದರೆ ಜಗಳೂರಿನವರು ಕೆರೆ ತುಂಬುವ ಮಾತಾಡುತ್ತಾರೆ. ‘ಹೊನ್ನಾಳಿ ಹೊಡೆತ’ ಎಂಬ ನುಡಿಗಟ್ಟು ನಾಡಿಗೆಲ್ಲ ಗೊತ್ತು. ಜಗಳೂರಿನ ಬಡತನ ಹೊಡೆಯುವ ಹೊಡೆತಕ್ಕೆ ನುಡಿಗಟ್ಟಿಲ್ಲ. ನಾನು ಮೊದಲು ಕೆಲಸ ಮಾಡಿದ್ದು ಜಗಳೂರಿನಲ್ಲಿ. ಬೇಸಿಗೆಯಲ್ಲಿ ತರಗತಿಯ ಅರ್ಧ ಬೆಂಚು ಖಾಲಿ ಇರುತ್ತಿತ್ತು. ಹುಡುಗರು ಕೂಲಿ ಅರಸಿ ಹೋಗಿರುತ್ತಿದ್ದರು. ಅದೇ ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಕೊಂಡುಕುರಿಯೆಂಬ ನಾಲ್ಕು ಕೊಂಬಿನ ಅಪೂರ್ವ ಪ್ರಾಣಿ ಇಂದಿಗೂ ಬದುಕಿದೆ. ಬರಡು ನೆಲವೂ ತನ್ನದಾದುದನ್ನು ಕಾಪಾಡಿಕೊಳ್ಳುತ್ತದೆ ಎಂದು ನಾನು ಅಲ್ಲಿ ಕಲಿತೆ.

ಇನ್ನು ನಮ್ಮ ನ್ಯಾಮತಿಯ ಕಥೆ. ಸತ್ಯವನ್ನು ಹೇಳಬೇಕು: ಹೊಸ ಜಿಲ್ಲೆಯಾದ ದಿನ ನಮ್ಮ ಮನೆಯಲ್ಲಿ ಸಂತೋಷವಾಗಲಿಲ್ಲ. ನ್ಯಾಮತಿಗೆ ಶಿವಮೊಗ್ಗವೇ ಹತ್ತಿರ. ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಜವಳಿಗೆ ನಮ್ಮ ಹಿರಿಯರು ಹೋಗುತ್ತಿದ್ದುದು ಅಲ್ಲಿಗೆ. ನಮ್ಮ ತಂದೆಯವರ ಹೊಲದ ಪಹಣಿಯಲ್ಲಿ ಹೆಸರಿನ ಒಂದಕ್ಷರ ತಪ್ಪಾಗಿ, ಅದನ್ನು ತಿದ್ದಿಸಲು ಅವರು ಒಂದು ಕಚೇರಿಗೆ ಆರು ತಿಂಗಳಿಂದ ಅಲೆಯುತ್ತಿದ್ದರು. ಕಡತ ಇನ್ನೇನು ಮುಗಿಯಿತು ಎನ್ನುವಾಗ ಜಿಲ್ಲೆಯೇ ಬೇರೆಯಾಯಿತು. ಕಡತ ಎಲ್ಲಿದೆ ಎಂದು ಕೇಳಿದರೆ ಒಬ್ಬರು ಆ ಊರಿನ ಕಡೆಗೆ ಕೈ ತೋರಿದರು, ಇನ್ನೊಬ್ಬರು ಈ ಊರಿನ ಕಡೆಗೆ. ತಂದೆಯವರು ಎರಡು ಬಸ್ಸು ಹತ್ತಿ ಇಳಿದು ಸಂಜೆ ಮನೆಗೆ ಬಂದು, ಚಪ್ಪಲಿ ಬಿಡುತ್ತ, ‘ನಮ್ಮ ಪಟೇಲರು ಊರನ್ನು ಹತ್ತಿರ ತರ್ತೀನಿ ಅಂದು ದೂರ ಒಯ್ದರಲ್ಲೋ’ ಎಂದರು. ಆಗ ನನಗೆ ಹದಿನೆಂಟು. ಆ ಮಾತಿನ ನೋವು ನನ್ನಲ್ಲಿ ಬಹಳ ವರ್ಷ ಉಳಿಯಿತು. ಪಟೇಲರ ಮೇಲೆ ನನಗೆ ಸಿಟ್ಟಿತ್ತು ಎಂದರೂ ತಪ್ಪಲ್ಲ.

ಸಿಟ್ಟು ಇಳಿದದ್ದು ಜಗಳೂರಿಗೆ ಹೋದ ಮೇಲೆ. ಅಲ್ಲಿ ಒಬ್ಬ ಮುದುಕರು, ನನ್ನ ಬಾಡಿಗೆ ಮನೆಯ ನೆರೆಯವರು, ಹೇಳಿದರು: ‘ದುರ್ಗದಲ್ಲಿ ನಾವು ಹಲವರಲ್ಲಿ ಒಬ್ಬರು. ಇಲ್ಲಿ ನಾವು ಆರರಲ್ಲಿ ಒಬ್ಬರು. ಆರು ಮಕ್ಕಳ ಮನೇಲಿ ಅಳೋ ಮಗು ಬೇಗ ಕಣ್ಣಿಗೆ ಬೀಳ್ತದೆ.’ ದೂರವನ್ನು ಮೈಲಿಗಳಲ್ಲಿ ಅಳೆಯುವ ಅಭ್ಯಾಸದ ನನಗೆ ಅವರು ಬೇರೊಂದು ಅಳತೆಗೋಲನ್ನು ಕೊಟ್ಟರು. ಲೋಹಿಯಾರವರು ‘ಚೌಖಂಬಾ ರಾಜ್ಯ’ವೆಂದು ಒಂದು ಕಲ್ಪನೆಯನ್ನು ಕೊಟ್ಟಿದ್ದರು: ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕು, ಎಲ್ಲ ಭಾರವೂ ಮೇಲಿನ ಎರಡರ ಮೇಲೆ ಬೀಳಬಾರದು ಎಂದು. ಏಳು ಜಿಲ್ಲೆಗಳ ಆಜ್ಞೆಗೆ ರುಜು ಹಾಕುವಾಗ ಪಟೇಲರ ಮನಸ್ಸಿನಲ್ಲಿ ಅದೇ ಇತ್ತೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ರಾಜಕೀಯದ ಲೆಕ್ಕಗಳೂ ಇದ್ದಿರಬಹುದು. ಆದರೆ ಕಂಬದ ಪಾಠ ಓದಿದವರು ಕಂಬ ನೆಟ್ಟರೆ ಅದು ಕೇವಲ ಆಕಸ್ಮಿಕವೆನ್ನಲಾಗದು.

ಗೆರೆಗಳು ಶಾಶ್ವತವೂ ಅಲ್ಲ. ದಾವಣಗೆರೆಗೆ ಸೇರಿದ್ದರಿಂದ ಜಿಲ್ಲಾ ಕೇಂದ್ರ ತೀರ ಹತ್ತಿರವಾದದ್ದು ಹರಪನಹಳ್ಳಿಗೆ. ಆದರೆ 371(ಜೆ) ಅನುಚ್ಛೇದದ ಸೌಲಭ್ಯಗಳಿಗಾಗಿ ಆ ತಾಲ್ಲೂಕೇ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಹೋಯಿತು. ದೂರವಾಯಿತೆಂದು ಗೊಣಗಿದ ನಾವು ಉಳಿದೆವು. ಹತ್ತಿರದ ಕಚೇರಿ ನಮಗೆ ಸಿಕ್ಕಿದ್ದು ಪಟೇಲರ ಕಾಲ ಕಳೆದು ಎರಡು ದಶಕಗಳ ಮೇಲೆ. ಸರ್ಕಾರ 2017ರ ಆಯವ್ಯಯದಲ್ಲಿ 49 ಹೊಸ ತಾಲ್ಲೂಕುಗಳನ್ನು ಘೋಷಿಸಿತು. ಹೊನ್ನಾಳಿಯಿಂದ ಒಡೆದು ನ್ಯಾಮತಿಯೂ ತಾಲ್ಲೂಕಾಯಿತು. ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಸಾವಿರಾರು ಜನ ಯಾತ್ರೆಗೆ ಬರುವ ಸೂರಗೊಂಡನಕೊಪ್ಪ ಈಗ ನಮ್ಮ ತಾಲ್ಲೂಕಿನದು. ತಂದೆಯವರು ಅದನ್ನು ನೋಡಲು ಉಳಿದಿರಲಿಲ್ಲ. ಪಹಣಿಯಲ್ಲಿ ಆ ಅಕ್ಷರ ಮಾತ್ರ ಅವರ ಜೀವಮಾನದಲ್ಲೇ ಸರಿಯಾಗಿತ್ತು.

ಪಟೇಲರ ದೋಷಗಳನ್ನು ಮುಚ್ಚಿ ಬರೆದರೆ ಅವರಿಗೇ ಅಪಚಾರ. ಅವರು ತಮ್ಮ ದೌರ್ಬಲ್ಯಗಳನ್ನು ಎಂದೂ ಮುಚ್ಚಿಟ್ಟವರಲ್ಲ. ಆಡಳಿತದಲ್ಲಿ ಬಿಗಿ ಸಾಲದೆಂದು ಸ್ವಪಕ್ಷದವರೇ ದೂರಿದರು. ದಳದೊಳಗಿನ ಒಳಜಗಳ ಅವರ ಕಾಲವನ್ನು ನುಂಗಿತು. ಬೆಂಗಳೂರಿನಲ್ಲಿ 1996ರಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ, ಚಳವಳಿಯಿಂದ ಬಂದ ಸಮಾಜವಾದಿಯ ಸರ್ಕಾರ ಚಳವಳಿಗಾರರನ್ನು ತಡೆದು ಆ ಸ್ಪರ್ಧೆಗೆ ಕಾವಲು ನಿಂತಿತು. ಕೊನೆಗೆ 1999ರಲ್ಲಿ ಪಕ್ಷ ಒಡೆದು, ಅವರಿದ್ದ ಪಾಲು ಬಹುಕಾಲ ತಾವು ವಿರೋಧಿಸಿದವರೊಡನೆಯೇ ಚುನಾವಣಾ ಮೈತ್ರಿ ಮಾಡಿಕೊಂಡಿತು. ಚನ್ನಗಿರಿಯೇ ಅವರನ್ನು ಸೋಲಿಸಿತು. 2000ದ ಡಿಸೆಂಬರ್ 12ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಮರಳಿ ಬಂದದ್ದು ಕಾರಿಗನೂರಿನ ಮಣ್ಣಿಗೆ.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆ. ನಾನು ಈಗ ಇರುವುದು ಚನ್ನಗಿರಿಯಲ್ಲಿ. ಕಳೆದ ವರ್ಷ ಕಾಲೇಜಿನ ಒಂದು ವಿಚಾರಗೋಷ್ಠಿಯಲ್ಲಿ ಅವಳು ಮಾತಿಗೆ ನಿಂತು, ಮೊದಲು ‘ಕ್ಷಮಿಸಿ, ನನಗೆ ಇಂಗ್ಲಿಷ್ ಬರುವುದಿಲ್ಲ’ ಎಂದಳು. ಸಭೆಯಲ್ಲಿದ್ದವರೆಲ್ಲರೂ ಕನ್ನಡಿಗರು, ಗೋಷ್ಠಿಯ ವಿಷಯ ನಮ್ಮ ಕೆರೆಗಳು. ಆಕೆ ಕ್ಷಮೆ ಕೇಳಿದ್ದು ಯಾರನ್ನು? ಮರುದಿನ ತರಗತಿಯಲ್ಲಿ ನಾನು 1967ರ ಕಥೆಯನ್ನು ಉತ್ಸಾಹದಿಂದ ಹೇಳಿದೆ. ಇದೇ ತಾಲ್ಲೂಕಿನವರೊಬ್ಬರು ದೇಶದ ಅತ್ಯುನ್ನತ ಸಭೆಯಲ್ಲಿ ಕನ್ನಡ ಮಾತನಾಡಿದಾಗ ಕ್ಷಮೆ ಕೇಳಲಿಲ್ಲವೆಂದೆ. ಅವಳು ಸುಮ್ಮನೆ ಕೇಳಿ, ಪಾಠ ಮುಗಿದ ಮೇಲೆ ನಡುಮನೆಯ ಬಾಗಿಲಲ್ಲಿ ನಿಂತವಳಂತೆ ಹಿಂಜರಿಯುತ್ತ ಕೇಳಿದಳು: ‘ಸರ್, ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಬರುವವರು ಬೇಡ ಅನ್ನಬಹುದು. ಬಾರದವರು ಏನು ಮಾಡಬೇಕು?’

ನನ್ನಲ್ಲಿ ಆ ಹೊತ್ತಿಗೆ ಉತ್ತರವಿರಲಿಲ್ಲ. ಆಮೇಲೆ ತಿಳಿಯಿತು, ಅವಳು ಐ.ಎ.ಎಸ್. ಪರೀಕ್ಷೆಗೆ ಕೂರುವ ಆಸೆಯವಳು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು 1979ರಿಂದ ಕನ್ನಡದಲ್ಲಿ ಬರೆಯಬಹುದು. ಸಂದರ್ಶನದಲ್ಲೂ ಕನ್ನಡದಲ್ಲಿ ಉತ್ತರಿಸಬಹುದು. ಆದರೆ ಅದಕ್ಕೆ ಮೊದಲು ದಾಟಬೇಕಾದ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಅರ್ಥಶಾಸ್ತ್ರಕ್ಕೆ, ಪರಿಸರ ವಿಜ್ಞಾನಕ್ಕೆ ಕನ್ನಡದಲ್ಲಿ ಆ ಮಟ್ಟದ ಪುಸ್ತಕಗಳನ್ನು ನಾವಿಬ್ಬರೂ ಹುಡುಕಿದೆವು, ಬೆರಳೆಣಿಕೆಯಷ್ಟು ಸಿಕ್ಕವು. ಬಾಗಿಲು ತೆರೆದಿದೆ, ಒಳಗೆ ದೀಪ ಹಚ್ಚಿಲ್ಲ.

ಆಗ ನನಗೆ ಪಟೇಲರ ಸಾಧನೆಯ ಗಾತ್ರವೂ ಅದರ ಮಿತಿಯೂ ಒಟ್ಟಿಗೆ ಕಂಡವು. ‘ಸಾಮಾಜಿಕ ಉದ್ಯಮಿ’ ಎಂಬ ಹೊಸ ಮಾತು ಈಗ ಬಳಕೆಗೆ ಬಂದಿದೆ. ಜನರ ಕೊರತೆಯೊಂದನ್ನು ಕಂಡು, ಅದನ್ನು ನೀಗುವ ಸಂಸ್ಥೆಯನ್ನು ಕಟ್ಟುವವನು ಎಂದು ಅದರ ಅರ್ಥ. ದಾವಣಗೆರೆಗೆ ಇದು ಹೊಸದಲ್ಲ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿ, 1965ರ ವೇಳೆಗೆ ಗಿರಣಿಯೂರಿನಲ್ಲಿ ವೈದ್ಯಕೀಯ ಕಾಲೇಜೇ ಬಂದಿತ್ತು. ಪಟೇಲರು ಆ ಜಾತಿಯವರಲ್ಲ. ವಿದ್ಯಾಸಂಸ್ಥೆಗಳ ಸರಮಾಲೆಯನ್ನು ಕಟ್ಟಿದವರೆಂದು ಅವರನ್ನು ಯಾರೂ ಸ್ಮರಿಸುವುದಿಲ್ಲ. ಅವರು ಬೀಗ ತೆಗೆಯುವವರು, ಮನೆ ಕಟ್ಟುವವರಲ್ಲ. ದಿಲ್ಲಿಯಲ್ಲಿ ಮಾತಿನ ಬೀಗ ತೆಗೆದರು, ಬೆಂಗಳೂರಿನಲ್ಲಿ ಗೆರೆಗಳ ಬೀಗ ತೆಗೆದರು. ಒಳಗೆ ಹೋಗಿ ಗುಡಿಸಿ ದೀಪ ಹಚ್ಚುವ ಕೆಲಸವನ್ನು ಹಿಂದೆ ಬರುವವರಿಗೆ ಬಿಟ್ಟರು.

ಇದು ದೋಷವೇ? ಒಬ್ಬನ ಆಯುಷ್ಯದಲ್ಲಿ ಎರಡೂ ಕೆಲಸ ಆಗಬೇಕೆನ್ನುವುದು ನ್ಯಾಯವಲ್ಲ. ಆ ಹುಡುಗಿಗೆ ನಾನು ಕೊಟ್ಟ ಉತ್ತರವೂ ಇದೇ: ಬರುವವರು ಮೊದಲು ಅಪ್ಪಣೆ ಕೇಳಬೇಕು, ಏಕೆಂದರೆ ಬಾರದವರು ಕೇಳಿದರೆ ಅದನ್ನು ಅಜ್ಞಾನವೆನ್ನುತ್ತಾರೆ, ಬರುವವರು ಕೇಳಿದಾಗ ಮಾತ್ರ ಅದನ್ನು ಹಕ್ಕೆನ್ನುತ್ತಾರೆ. ಹೀಗೆ ದೊರೆತ ಹಕ್ಕನ್ನು ಬಾರದವರ ಕೈಗೆ ಮುಟ್ಟಿಸುವ ಕೆಲಸ ನಮ್ಮಂಥ ಸಂಬಳದ ಕನ್ನಡ ಮೇಷ್ಟರುಗಳದು. ಅದನ್ನು ನಾವು ಮಾಡಿಲ್ಲ. ಹಳಗನ್ನಡದ ಪದ್ಯಕ್ಕೆ ಅನ್ವಯ ಹೇಳಿ ಕೈ ತೊಳೆದುಕೊಂಡಿದ್ದೇವೆ.

ಅವಳಿಗೆ ಈ ಉತ್ತರ ಪೂರ್ಣವಾಗಿ ಒಪ್ಪಿಗೆಯಾದಂತೆ ಕಾಣಲಿಲ್ಲ. ‘ಹಾಗಾದರೆ ಟಿಪ್ಪಣಿ ಬರೆದುಕೊಡಿ ಸರ್’ ಎಂದಳು. ಅಂದಿನಿಂದ ಅರ್ಥಶಾಸ್ತ್ರದ ಮತ್ತು ಭೂಗೋಳದ ಇಬ್ಬರು ಸಹೋದ್ಯೋಗಿಗಳನ್ನು ಕೂಡಿಸಿಕೊಂಡು ಭಾನುವಾರ ಬೆಳಗ್ಗೆ ಒಂದೊಂದು ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಇದುವರೆಗೆ ಹದಿನಾಲ್ಕು ಆಗಿವೆ. ಅವುಗಳಲ್ಲಿ ಎರಡನ್ನು ಅವಳು ಅರ್ಥವಾಗದೆಂದು ಹಿಂದಕ್ಕೆ ಕೊಟ್ಟಿದ್ದಾಳೆ; ಮುಂದಿನ ಭಾನುವಾರ ಅವನ್ನು ತಿದ್ದಬೇಕು.